ಹೇಳಿಕೊಳ್ಳಲೊಂದು ತಾವು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳಿಂದಲೂ, ಈಚೆಗೆ ಇವುಗಳ ಒಡಲಿನಿಂದಲೇ ಹುಟ್ಟಿದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳಿಂದಲೂ ಬಂದು ಕುಳಿತಿರುವ ನಿಮ್ಮೆದುರು ಮಾತನಾಡಲು ನಿಂತವನಿಗೆ ವಿಷಯದ ಬಡತನವಿರಲಾರದು. ಶರಣರ ವಚನಗಳಿರುವವು, ಹಲಸಂಗಿಯ ಗೆಳೆಯರು ಕೂಡಿಸಿದ ಹಾಡುಗಳಿರುವವು, ಹರಿದ ನದಿಗಳ ಮತ್ತು ನಡೆದ ಕಾಳಗಗಳ ಕಥೆಗಳಿರುವವು. ಅವೆಲ್ಲವನ್ನೂ ಬದಿಗಿರಿಸಿ, ಅಂಗೈಯಗಲದ ಗಾಜಿನ ಫಲಕವೊಂದರೊಳಗೆ ನಮ್ಮ ಮಕ್ಕಳು ಯಾರೊಡನೆ ಮಾತನಾಡುತ್ತಿರುವರು, ಆ ಮಾತು ಕೆಟ್ಟುದಕ್ಕೆ ತಿರುಗಿದಾಗ ಅವರು ಯಾರ ಬಳಿಗೆ ಬರುವರು ಎಂಬುದನ್ನೇ ಇಂದಿನ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡಿರುವೆನು. ಮೂವತ್ತಾರು ವರುಷ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದ ನನಗೆ ಇದಕ್ಕಿಂತ ತುರ್ತಿನ ವಿಷಯ ಮತ್ತೊಂದು ಕಾಣಲಿಲ್ಲ.

ಮೊದಲು ನಮ್ಮ ಸೀಮೆಯ ಮನೆಗಳ ಸ್ಥಿತಿಯನ್ನು ನೆನೆಯೋಣ. ಆಲಮಟ್ಟಿಯಲ್ಲಿ ತಡೆದು ನಿಲ್ಲಿಸಿದ ಕೃಷ್ಣೆಯ ನೀರು ಕಾಲುವೆಗಳಲ್ಲಿ ಹರಿದು ಬಂದ ಊರುಗಳು ಕೆಲವಿರುವವು; ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು; ಆದರೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ, ಪುಣೆಗೆ, ಮುಂಬಯಿಗೆ, ಬೆಂಗಳೂರಿಗೆ ಗುಳೆ ಹೊರಡುವ ಕುಟುಂಬಗಳು ಇಂದಿಗೂ ತಪ್ಪಿಲ್ಲ. ಸಾಲಿ ಬಿಡಿಸಬಾರದೆಂಬ ಸದ್ಭಾವದಿಂದ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗುವರು. ಹೋಗುವಾಗ ಒಂದು ಮೊಬೈಲನ್ನೂ ಇರಿಸಿ ಹೋಗುವರು. ಸಂಜೆ ಆ ಮೊಬೈಲಿನಲ್ಲಿ ತಾಯಿಯ ಮುಖ ಮೂಡುವುದು. ಉಂಡೆಯಾ, ಜ್ವರ ಇಳಿಯಿತೆ, ಲೆಕ್ಕ ಮಾಡಿದೆಯಾ ಎಂದು ಕೇಳುವುದು. ಆ ಕಾಲುಗಂಟೆಯ ಹೊರತು ಮಗುವಿಗೆ ತಾಯಿಯ ಸನ್ನಿಧಿಯಿಲ್ಲ. ಅಕ್ಷರ ಬಾರದ ಅಜ್ಜಿಗೆ ಹಸಿರು ಗುರುತನ್ನು ಒತ್ತಿ ಮಾತನಾಡುವುದಷ್ಟು ತಿಳಿದಿರುವುದು. ಆ ಯಂತ್ರದ ಮಿಕ್ಕ ವಿದ್ಯೆಯೆಲ್ಲ ಹನ್ನೆರಡು ವರುಷದ ಮೊಮ್ಮಗಳದು. ಇದರ ಮೇಲೆ 2020ರಲ್ಲಿ ಕೊರೋನ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ಪಾಠವೂ ಆ ಮೊಬೈಲಿನೊಳಕ್ಕೇ ಹೊಕ್ಕಿತು. ಮಕ್ಕಳ ಕೈಗೆ ಫೋನು ಕೊಡಬೇಡಿರಿ ಎಂದು ನಿನ್ನೆಯವರೆಗೆ ಬುದ್ಧಿ ಹೇಳುತ್ತಿದ್ದ ನಾವು ಶಿಕ್ಷಕರೇ ಫೋನು ಕೊಡಿಸಿರೆಂದು ಮನೆಮನೆಗೆ ಹೇಳಿ ಕಳುಹಿಸಿದೆವು. ಆದುದರಿಂದ ಮೊಬೈಲನ್ನು ಕಸಿದಿಟ್ಟುಬಿಡಿರಿ ಎಂಬ ಉಪದೇಶವು ಈ ಸೀಮೆಯಲ್ಲಿ ನಡೆಯತಕ್ಕುದಲ್ಲ. ಕಸಿದಿಟ್ಟರೆ ಮಗುವಿನಿಂದ ತಾಯಿಯನ್ನೇ ಕಸಿದಂತಾಗುವುದು.

ಅಪಾಯವನ್ನು ನಾವು ಎಲ್ಲಿ ಹುಡುಕುವೆವು ಎಂಬುದನ್ನೂ ಒಂದಿಷ್ಟು ವಿಚಾರಿಸಬೇಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ಸುಳ್ಳು ಸುದ್ದಿಯು ವಾಟ್ಸಾಪಿನಲ್ಲಿ ದೇಶದ ತುಂಬ ಹಬ್ಬಿತು. ಆ ವರುಷದ ಜುಲೈ ತಿಂಗಳಲ್ಲಿ ನಮ್ಮದೇ ಉತ್ತರ ಕರ್ನಾಟಕದ ಬೀದರ ಜಿಲ್ಲೆಯಲ್ಲಿ, ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಕೊಟ್ಟರೆಂಬ ಕಾರಣಕ್ಕೆ ಹೊರಗಿನಿಂದ ಬಂದ ಸ್ನೇಹಿತರ ಗುಂಪೊಂದನ್ನು ಜನರು ಸಂಶಯಿಸಿ, ಮುರ್ಕಿ ಎಂಬ ಗ್ರಾಮದ ಬಳಿ ಅವರ ಕಾರನ್ನು ಅಡ್ಡಗಟ್ಟಿ ಹೊಡೆದರು; ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನು ಅಲ್ಲಿಯೇ ಪ್ರಾಣಬಿಟ್ಟನು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೆ ಕಳುಹಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಈ ಘಟನೆಯನ್ನು ನೆನೆದಾಗಲೆಲ್ಲ ನನಗೆ ಎರಡು ನೋವುಗಳಾಗುವವು. ನಿರಪರಾಧಿಯೊಬ್ಬನು ಸತ್ತನೆಂಬುದು ಒಂದು. ಊರ ಹಾದಿಯಲ್ಲಿ ಹಾಡುಹಗಲು ನಡೆದು ಬಂದ ಅಪರಿಚಿತನಿಗೆ ಅಂಜಿದ ನಾವು, ನಡುರಾತ್ರಿ ಕೌದಿಯೊಳಗೆ ಮಗುವಿನ ಕಿವಿಯ ಪಕ್ಕದಲ್ಲಿ ಮಾತನಾಡುತ್ತಿರುವ ಅಪರಿಚಿತನನ್ನು ಕಾಣಲಾರದೆ ಹೋಗಿರುವೆವೆಂಬುದು ಮತ್ತೊಂದು.

ಆ ಅಪರಿಚಿತನ ರೀತಿಯನ್ನು ತಂದೆತಾಯಿಗಳು ವಿವರವಾಗಿ ತಿಳಿದುಕೊಳ್ಳಬೇಕು. ಏಕೆಂದರೆ ಅದು ಅವಸರದ ರೀತಿಯಲ್ಲ. ಅವನು ಮೊದಲು ಮಗುವಿನ ವಯಸ್ಸಿನವನಾಗಿ ಬರುವನು. ಆಟದ ಜೊತೆಗಾರನಾಗಿಯೋ, ರೀಲು ಮೆಚ್ಚಿದ ಗೆಳತಿಯಾಗಿಯೋ ತೋರಿಕೊಳ್ಳುವನು. ಅಪ್ಪ ಅವ್ವ ಎಲ್ಲಿರುವರು, ಮನೆಯಲ್ಲಿ ಯಾರಿರುವರು, ಮೊಬೈಲು ಯಾರದು ಎಂದು ಅಕ್ಕರೆಯಿಂದಲೇ ವಿಚಾರಿಸಿಕೊಳ್ಳುವನು. ನಾಲ್ಕು ಜನ ಕಾಣುವ ಜಾಗದಿಂದ ಇಬ್ಬರೇ ಮಾತನಾಡುವ ಜಾಗಕ್ಕೆ ಮಾತನ್ನು ಒಯ್ಯುವನು. ಮನೆಯಲ್ಲಿ ಯಾರೂ ಕೇಳದ ದುಃಖವನ್ನು ಕೇಳುವನು. ನಮ್ಮ ಸೀಮೆಯಲ್ಲಿ, ತಂದೆತಾಯಿ ದೂರವಿರುವ ಮಗುವಿಗೆ, ಈ ಕೇಳುವಿಕೆಯೇ ಎಲ್ಲಕ್ಕಿಂತ ದೊಡ್ಡ ಆಮಿಷವಾಗಿರುವುದು. ಆಮೇಲೆ, ಇದು ನಮ್ಮಿಬ್ಬರ ಗುಟ್ಟು, ಯಾರಿಗೂ ಹೇಳಬೇಡ ಎನ್ನುವನು. ಈ ಒಂದು ಮಾತು ಬಂದೊಡನೆ ಅಪಾಯ ಹೊಸ್ತಿಲು ದಾಟಿತೆಂದು ಬಲ್ಲವರು ತಿಳಿಯತಕ್ಕದ್ದು. ಬಳಿಕ ಒಂದು ಚಿತ್ರ ಕೇಳುವನು; ಮೊದಲು ಮುಖದ ಚಿತ್ರ, ಅನಂತರ ಕೇಳಬಾರದ ಚಿತ್ರ. ಅದು ಕೈಸೇರಿದ ಮರುಕ್ಷಣ ಅವನ ದನಿಯೇ ಬೇರೆಯಾಗುವುದು: ಹಣ ಕಳುಹಿಸು, ಇಲ್ಲವೆ ಇನ್ನೂ ಚಿತ್ರ ಕಳುಹಿಸು, ಇಲ್ಲದಿದ್ದರೆ ನಿನ್ನ ಊರಿನವರಿಗೆಲ್ಲ ಹಂಚುವೆನು, ನಿನ್ನ ಅಪ್ಪನಿಗೆ ಹೇಳುವೆನು. ಈಗಂತೂ ಮಗು ಯಾವ ಚಿತ್ರವನ್ನೂ ಕಳುಹಿಸಬೇಕೆಂದಿಲ್ಲ. ಜಾತ್ರೆಯಲ್ಲಿ ನಿಂತು ತೆಗೆಸಿದ ಮುಖದ ಚಿತ್ರವೊಂದು ಸಿಕ್ಕಿದರೂ ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಅಶ್ಲೀಲ ಚಿತ್ರವನ್ನು ಹೆಣೆದು ಬೆದರಿಸಬಲ್ಲ ದುರುಳರು ಹುಟ್ಟಿರುವರು. ಗಂಡುಮಕ್ಕಳಿಗೆ ಈ ಭಯವಿಲ್ಲವೆಂದು ನೀವು ಎಣಿಸಬಾರದು. ಹಣಕ್ಕಾಗಿ ಬೆದರಿಸುವವರ ಬಲೆಗೆ ಹದಿಹರೆಯದ ಹುಡುಗರೂ ಬೀಳುತ್ತಿರುವರು, ಮತ್ತು ಅವರು ಬಾಯಿ ಬಿಡುವುದು ಇನ್ನೂ ಕಡಿಮೆ.

ಅಪ್ಪನಿಗೆ ಹೇಳುವೆನು ಎಂಬ ಬೆದರಿಕೆ ಏಕೆ ಫಲಿಸುವುದೆಂಬುದನ್ನು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿಕೊಳ್ಳೋಣ. ಮಗುವಿಗೆ ನಮ್ಮ ಉತ್ತರ ಮೊದಲೇ ಗೊತ್ತಿರುವುದು. ಹೇಳಿದರೆ ಮೊದಲು ಏಟು ಬೀಳುವುದು. ಮೊಬೈಲು ಕಲ್ಲಿಗೆ ಬಡಿದು ಚೂರಾಗುವುದು. ಹುಡುಗಿಯಾದರೆ ಸಾಲಿಯೂ ನಿಲ್ಲುವುದು. ಓಣಿಗೆ ಸುದ್ದಿಯಾಗುವ ಮೊದಲು ಎಲ್ಲಿಯಾದರೂ ಕೊಟ್ಟುಬಿಡೋಣವೆಂದು ಹಿರಿಯರು ವರನನ್ನು ಹುಡುಕಲು ಹೊರಡುವರು. ಎಂದೂ ಕಾಣದ ಊರಿನಲ್ಲಿ ಕುಳಿತ ದುಷ್ಟನ ಕೈಗೆ ನಮ್ಮ ಮನೆಯ ಸಿಟ್ಟೇ ಆಯುಧವಾಗುವುದು. ಅವನಿಗೆ ಬೇರೆ ಬಲವಿಲ್ಲ. ನನ್ನ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ ಒಬ್ಬ ಜಾಣೆ ಹುಡುಗಿ ಒಂದು ಸೋಮವಾರದಿಂದ ಬರುವುದು ನಿಂತಿತು. ವಿಚಾರಿಸಿದರೆ ಮೈಯಲ್ಲಿ ಹುಷಾರಿಲ್ಲವೆಂದರು. ಎರಡು ತಿಂಗಳ ಮೇಲೆ ತಿಳಿಯಿತು: ಅವಳ ಪಟವನ್ನು ಯಾರೋ ಕೆಡಿಸಿ ಹಂಚಿದ್ದರು, ಅವಳು ತಾನಾಗಿಯೇ ಮನೆಯಲ್ಲಿ ಹೇಳಿಕೊಂಡಿದ್ದಳು, ಹೇಳಿಕೊಂಡುದಕ್ಕೆ ಶಿಕ್ಷೆಯಾಗಿ ಶಾಲೆ ಬಿಡಿಸಿದ್ದರು. ಹಂಚಿದವನನ್ನು ಯಾರೂ ಹುಡುಕಲಿಲ್ಲ. ಆ ಮನೆಗೆ ನಾನು ಎರಡು ತಿಂಗಳು ತಡವಾಗಿ ಹೋದೆನೆಂಬುದನ್ನು ಇಂದಿಗೂ ಮರೆಯಲಾರೆನು.

ನಮ್ಮ ಹಿಂದಿನವರಿಗೆ ಹೇಳಿಕೊಳ್ಳಲೊಂದು ತಾವಿತ್ತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ, ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಕಾಪಸೆ ರೇವಪ್ಪನವರೂ ಹಳ್ಳಿಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಆ ತ್ರಿಪದಿಗಳು ನಾಡಿನ ವಿದ್ವಾಂಸರನ್ನು ಬೆರಗುಗೊಳಿಸಿದವು. ಆ ಹಾಡುಗಳು ಬೆಳೆದುದು ಬೀಸುವ ಕಲ್ಲಿನ ಮುಂದೆ. ಕೋಳಿ ಕೂಗುವ ಮೊದಲು ತಾಯಿ ಒಂದು ಕಡೆ, ಮಗಳು ಇನ್ನೊಂದು ಕಡೆ ಗೂಟ ಹಿಡಿದು ಕುಳಿತು, ಮುಖ ಮುಖ ನೋಡದೆ, ಕಲ್ಲಿನ ಸದ್ದಿನ ಮರೆಯಲ್ಲಿ ತವರಿನ ನೆನಪನ್ನೂ ಅತ್ತೆಯ ಮನೆಯ ಕಷ್ಟವನ್ನೂ ಹಾಡಿನಲ್ಲಿಟ್ಟು ಹೇಳುತ್ತಿದ್ದರು. ಎದುರು ನಿಂತು ಹೇಳಲಾಗದ ಮಾತು ಕೈ ಕೆಲಸದಲ್ಲಿದ್ದಾಗ ಸುಲಭವಾಗಿ ಹೊರಬರುತ್ತಿತ್ತು. ಗಿರಣಿ ಬಂದಿತು, ಬೆನ್ನು ನೋವು ತಪ್ಪಿತು, ಆ ಕಷ್ಟದ ದಿನಗಳು ಮರಳಲಿ ಎಂದು ನಾನು ಎಂದಿಗೂ ಹಾರೈಸಲಾರೆನು. ಆದರೆ ಕಲ್ಲಿನೊಡನೆ ಆ ತಾವೂ ಮನೆಯಿಂದ ಹೊರಟುಹೋಯಿತು. ರೊಟ್ಟಿ ಬಡಿಯುವಾಗ, ಕಾಳು ಹಸನ ಮಾಡುವಾಗ, ಹೊಲಕ್ಕೆ ಜೊತೆಯಾಗಿ ನಡೆಯುವಾಗ ಅದನ್ನು ಮತ್ತೆ ಕಟ್ಟಿಕೊಳ್ಳಬಹುದು. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ವಿಚಾರಣೆ ಮಾಡಿದರೆ ಅದು ಸುಳ್ಳನ್ನೇ ಹೇಳುವುದು. ಕಾಳು ಹಸನ ಮಾಡುತ್ತ, ಈಗ ಹುಡುಗರು ಆಡುವ ಆಟ ಯಾವುದು, ಅದರಲ್ಲಿ ಗೊತ್ತಿಲ್ಲದವರೂ ಮಾತಾಡುತ್ತಾರಂತಲ್ಲ ಎಂದು ಕೇಳಿದರೆ ಅದು ತಾನಾಗಿಯೇ ಹೇಳತೊಡಗುವುದು.

ಬಾಗೇವಾಡಿಯ ನೆಲದಲ್ಲಿ ನಿಂತವನಿಗೆ ಇನ್ನೊಂದು ಕಥೆ ನೆನಪಾಗದಿರದು. ಎಂಟು ವರುಷದ ಬಾಲಕನೊಬ್ಬನು ಈ ಊರಿನ ಒಂದು ಮನೆಯಲ್ಲಿ, ಅಕ್ಕನಿಗಿಲ್ಲದ ಸಂಸ್ಕಾರ ತನಗೇಕೆಂದು ಕೇಳಿದನೆಂದೂ, ಉತ್ತರ ದೊರೆಯದೆ ಮನೆಯನ್ನೇ ತೊರೆದು ಕೂಡಲ ಸಂಗಮಕ್ಕೆ ಹೋದನೆಂದೂ ಪರಂಪರೆಯು ಹೇಳುವುದು. ನಾವು ಆ ಬಾಲಕನ ಧೈರ್ಯವನ್ನು ಕೊಂಡಾಡುವೆವು. ಅದು ಯೋಗ್ಯವೇ ಸರಿ. ಆದರೆ ತಂದೆತಾಯಿಗಳಾಗಿ ನಾವು ಆ ಮನೆಯನ್ನೂ ನೆನೆಯಬೇಕು. ಮನೆಯಲ್ಲಿ ಉತ್ತರ ಸಿಗದ ಮಗು ಹೊರಗೆ ಹೋಗಿ ಕೇಳುವುದು. ಬಸವಣ್ಣನಿಗೆ ಸಂಗಮದಲ್ಲಿ ಜಾತವೇದ ಮುನಿಗಳಂಥ ಗುರು ದೊರೆತನು. ತನ್ನ ಮೈ ಬದಲಾಗುವುದರ ವಿಷಯವಾಗಿಯೋ, ಹುಡುಗ ಹುಡುಗಿಯರ ಒಲವಿನ ವಿಷಯವಾಗಿಯೋ ಕೇಳಿ, ಛೀ ಎನಿಸಿಕೊಂಡು, ಮೊಬೈಲಿನತ್ತ ತಿರುಗಿದ ಇಂದಿನ ಮಗುವಿಗೆ ಆ ಕಡೆಯಲ್ಲಿ ಯಾರು ದೊರೆಯುವರೆಂಬುದಕ್ಕೆ ಯಾವ ಭರವಸೆಯಿದೆ?

ಇನ್ನು ಕೈಯಿಂದ ಮಾಡತಕ್ಕ ಕೆಲಸಗಳು. ಅವು ಕಠಿನವಲ್ಲವಾದುದರಿಂದ ಬೇಗನೆ ಹೇಳಿ ಮುಗಿಸುವೆನು. ರಾತ್ರಿ ಮೊಬೈಲು ಪಡಸಾಲೆಯ ಗೂಡಿನಲ್ಲಿ ಮಲಗಲಿ, ಹಾಸಿಗೆಯಲ್ಲಿ ಬೇಡ; ಈ ನಿಯಮ ದೊಡ್ಡವರಿಗೂ ಸಲ್ಲಬೇಕು. ವಾಟ್ಸಾಪಿನ ಸೆಟ್ಟಿಂಗಿನಲ್ಲಿ, ಗೊತ್ತಿರುವವರು ಮಾತ್ರ ಗುಂಪಿಗೆ ಸೇರಿಸಬಹುದೆಂದು ಗೊತ್ತುಮಾಡಿರಿ. ಇನ್‌ಸ್ಟಾಗ್ರಾಮಿನ ಖಾತೆಗೆ ಹದಿಮೂರು ತುಂಬಿರಬೇಕೆಂದು ಆ ಸಂಸ್ಥೆಯದೇ ನಿಯಮವಿರುವುದು. ಹತ್ತರ ಮಗನ ವಯಸ್ಸನ್ನು ಹದಿನೆಂಟೆಂದು ಬರೆದು ಖಾತೆ ತೆರೆದುಕೊಟ್ಟ ತಂದೆಯು ಮಕ್ಕಳಿಗಾಗಿ ಇಟ್ಟ ಕಾವಲನ್ನು ತಾನೇ ತೆಗೆದುಹಾಕಿರುವನು. ಗುಳೆ ಹೋದ ತಾಯಂದಿರಿಗೆ ಬಹಳ ಉಪಯುಕ್ತವಾದುದು ಗೂಗಲಿನ ಫ್ಯಾಮಿಲಿ ಲಿಂಕ್: ಮಗುವಿನ ಹೆಸರಿನಲ್ಲಿ ಬೇರೆ ಖಾತೆ ತೆರೆದು ಜೋಡಿಸಿಕೊಂಡರೆ, ಊರಿನ ಫೋನಿನಲ್ಲಿ ಮಗು ಯಾವ ಆ್ಯಪ್ ಹಾಕಿಕೊಳ್ಳಬಹುದು, ಎಷ್ಟು ಹೊತ್ತು ನೋಡಬಹುದು ಎಂಬುದನ್ನು ಗೋವೆಯಲ್ಲಿ ಕುಳಿತೇ ನಿರ್ಧರಿಸಬಹುದು. ಅಜ್ಜಿಯ ಪಿಂಚಣಿ ಬರುವ ಖಾತೆಯ ಯುಪಿಐ ಅದೇ ಮೊಬೈಲಿನಲ್ಲಿದ್ದರೆ ಅದರ ಗುಟ್ಟಿನ ಅಂಕಿ ಮಗುವಿಗೆ ತಿಳಿಯಬಾರದು. ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯಿದೆಯು ನಿಷೇಧಿಸಿರುವುದಾದರೂ ಕಳ್ಳದಾರಿಗಳು ಮುಚ್ಚಿರುವವೆಂದು ನಂಬಬಾರದು. ಮಗುವಿನ ಹುಟ್ಟುಹಬ್ಬದ ಚಿತ್ರವನ್ನು ಶಾಲೆಯ ಹೆಸರು, ಊರಿನ ಹೆಸರು ಸಮೇತ ಲೋಕಕ್ಕೆಲ್ಲ ಸ್ಟೇಟಸ್ಸಿನಲ್ಲಿ ತೋರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿರಿ.

ಇಷ್ಟೆಲ್ಲ ಮಾಡಿಯೂ ಅನಾಹುತವಾಗಬಹುದು. ಆಗಿನ ಮೊದಲ ಗಳಿಗೆಯ ವಿಷಯವಾಗಿ ಮಾತ್ರ ಸಾವಕಾಶವಾಗಿ ಹೇಳಬೇಕಾಗಿರುವುದು. ಮಗು ಬಂದು, “ಯವ್ವಾ, ಒಬ್ಬಾಂವ ನನ್ನ ಫೋಟೋ ಇಟಗೊಂಡು ಅಂಜಸಾಕತ್ತಾನ” ಎಂದಾಗ, ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು “ಹೇಳಿದ್ದು ಭಾಳ ಚಲೋ ಆತು” ಎಂದಾಗಿರಲಿ. ಬೆದರಿಸುವವನಿಗೆ ಹಣ ಕೊಡಬೇಡಿರಿ. ಒಮ್ಮೆ ಕೊಟ್ಟರೆ ಕೊಡುವವರಿದ್ದಾರೆಂದು ಅರಿತು ಅವನು ಮತ್ತೆ ಕೇಳುವನು. ಸಿಟ್ಟಿನಿಂದಲೋ ನಾಚಿಕೆಯಿಂದಲೋ ಸಂದೇಶಗಳನ್ನು ಅಳಿಸಬೇಡಿರಿ. ಅವನ ಹೆಸರು, ನಂಬರು, ಖಾತೆ, ಬೆದರಿಕೆಯ ಮಾತು, ಹಣ ಕೇಳಿದ ಗುರುತು ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿರಿಸಿಕೊಂಡು, ಆಮೇಲೆ ಅವನನ್ನು ಬ್ಲಾಕ್ ಮಾಡಿರಿ. ನ್ಯಾಯ ಕೇಳುವ ನೆಪದಿಂದಲೂ ಮಗುವಿನ ಅಂತಹ ಚಿತ್ರವನ್ನು ಯಾರಿಗೂ ಕಳುಹಿಸಬೇಡಿರಿ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಂತೆ ಅದನ್ನು ಹರಡುವುದು ಅಪರಾಧ, ಮತ್ತು ಇಂಥ ಚಿತ್ರಗಳನ್ನು ನೋಡುವುದೂ ಇಟ್ಟುಕೊಳ್ಳುವುದೂ ಶಿಕ್ಷಾರ್ಹವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿರುವುದು. ಸೈಬರ್ ಅಪರಾಧದ ದೂರಿಗೆ 1930, ಮಕ್ಕಳ ಸಹಾಯವಾಣಿಗೆ 1098, ತುರ್ತಿಗೆ 112. ಈ ಮೂರು ಸಂಖ್ಯೆಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಸುಣ್ಣದಿಂದಲಾದರೂ ಬರೆದಿಡಿರಿ. ಹದಿನೆಂಟರೊಳಗಿನವರ ಚಿತ್ರಗಳು ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ವ್ಯವಸ್ಥೆಯೂ ಇರುವುದು. ಅದರಲ್ಲಿ ಚಿತ್ರವು ನಿಮ್ಮ ಫೋನನ್ನು ಬಿಟ್ಟು ಹೊರಗೆ ಹೋಗುವುದಿಲ್ಲ, ಅದರ ಅಂಕಿಗಳ ಬೆರಳಚ್ಚು ಮಾತ್ರ ಹೋಗುವುದು. ಆ ಗುರುತಿನ ಆಧಾರದಿಂದ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೊದಲಾದವುಗಳು ಚಿತ್ರವನ್ನು ಹುಡುಕಿ ತೆಗೆದುಹಾಕಬಲ್ಲವು.

ಠಾಣೆಯ ಮೆಟ್ಟಿಲು ಹತ್ತಿದರೆ ಮರ್ಯಾದೆ ಹೋಗುವುದೆಂದು ಹೇಳುವ ಹಿರಿಯರು ಪ್ರತಿ ಓಣಿಯಲ್ಲಿಯೂ ಇರುವರು. ಅವರ ಭಯ ಸುಳ್ಳಲ್ಲ. ಅದು ಹಳೆಯ ಅನುಭವದಿಂದ ಬಂದುದು. ಆದರೆ 2012ರ ಪೋಕ್ಸೋ ಕಾಯಿದೆಯು ಮಗುವಿನ ಮರ್ಯಾದೆಯನ್ನು ನಾವು ಊಹಿಸುವುದಕ್ಕಿಂತ ಹೆಚ್ಚು ಎಚ್ಚರದಿಂದ ಕಾಯ್ದಿರುವುದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಜಾಗದಲ್ಲಿಯೋ ಪಡೆಯಬೇಕು. ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆಗ ಅವರು ಸಮವಸ್ತ್ರದಲ್ಲಿರಬಾರದು. ರಾತ್ರಿ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಅದರ ಹೆಸರು, ವಿಳಾಸ, ಶಾಲೆ ಯಾವುದನ್ನೂ ಮಾಧ್ಯಮಗಳು ಪ್ರಕಟಿಸಕೂಡದು. ಅಪರಾಧವನ್ನು ಬಲ್ಲ ದೊಡ್ಡವರು ತಿಳಿಸದೆ ಮುಚ್ಚಿಟ್ಟರೆ ಅದೇ ಒಂದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ದೂರು ದಾಖಲಿಸಬಹುದಾಗಿರುವುದು. ಮಗಳು ಸಿಂದಗಿಯ ಹಳ್ಳಿಯಲ್ಲಿದ್ದು ತಂದೆ ಪುಣೆಯ ಕಟ್ಟಡದ ಮೇಲಿದ್ದರೆ, ಬಸ್ಸು ಹಿಡಿದು ಬರುವವರೆಗೆ ಕಾಯಬೇಕಾಗಿಲ್ಲ. ಅಲ್ಲಿಯ ಠಾಣೆಗೇ ಹೋಗಬಹುದು. ಈ ಒಂದು ಅನುಕೂಲವನ್ನು ಗುಳೆ ಹೋಗುವ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕೆಂದು ನನ್ನ ಆಗ್ರಹ.

ಭಾರವನ್ನೆಲ್ಲ ಬಡ ತಂದೆತಾಯಿಗಳ ಹೆಗಲಿಗೇ ಹೊರಿಸುವುದು ಧರ್ಮವಲ್ಲ. ಮಗುವಿನ ಕಣ್ಣು ತೆರೆಯಿಂದ ಕದಲದಂತೆ ಯಂತ್ರವನ್ನು ಹೂಡಿದವರು ಅದರಿಂದ ಹಣ ಗಳಿಸುತ್ತಿರುವರು, ಹೊಣೆಯೂ ಅವರದಾಗಬೇಕು. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಅವರ ವಿವರಗಳನ್ನು ಬಳಸಕೂಡದೆಂದೂ, ಅವರ ನಡೆಯನ್ನು ಹಿಂಬಾಲಿಸಿ ಜಾಹೀರಾತುಗಳನ್ನು ಗುರಿಯಿಡಕೂಡದೆಂದೂ ವಿಧಿಸಿರುವುದು; ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಆಸ್ಟ್ರೇಲಿಯ ದೇಶವು 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯ ಬಾಗಿಲನ್ನೇ ಮುಚ್ಚಿರುವುದು. ಅಂಥ ನಿಷೇಧ ನಮ್ಮಲ್ಲಿ ಫಲಿಸುವುದೆಂದು ನನಗೆ ತೋರುವುದಿಲ್ಲ; ಒಂದೇ ಮೊಬೈಲನ್ನು ಅಜ್ಜಿ, ಸೊಸೆ, ಮೊಮ್ಮಕ್ಕಳು ಹಂಚಿಕೊಂಡಿರುವ ಮನೆಯಲ್ಲಿ ಖಾತೆ ಯಾರದೆಂದು ಯಂತ್ರವು ಹೇಗೆ ಬಲ್ಲುದು? ಕಾನೂನು ಬರಲಿ, ಬರುವವರೆಗೂ, ಬಂದ ಮೇಲೆಯೂ, ಮಗುವಿನ ಮಾತನ್ನು ಕೇಳುವ ಕಿವಿ ಮನೆಯಲ್ಲಿಯೇ ಬೇಕು.

ಈ ಸಭೆಯಲ್ಲಿ ಗ್ರಾಮ ಪಂಚಾಯತಿಯ ಸದಸ್ಯರಿರುವರು, ಶಾಲಾಭಿವೃದ್ಧಿ ಸಮಿತಿಯವರಿರುವರು. ಅವರಲ್ಲಿ ನನ್ನ ಕೈಮುಗಿದ ವಿನಂತಿಯೊಂದಿದೆ. ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿರುವುದು. ಅಲ್ಲಿ ಶೌಚಾಲಯದ, ಆಟದ ಮೈದಾನದ ಮಾತು ಬರುವಂತೆ ಮೊಬೈಲಿನ ಮಾತೂ ಬರಲಿ, ಮಕ್ಕಳೇ ಹೇಳಲಿ, ನಾವು ಕುಳಿತು ಕೇಳೋಣ. ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರುಗಳಿರುವವು. ತಿಂಗಳಿಗೊಂದು ಸಂಜೆ ಅಲ್ಲಿ ಅಜ್ಜಿಯರನ್ನು ಕೂರಿಸಿ, ಮೊಮ್ಮಕ್ಕಳಿಂದಲೇ ಅವರಿಗೆ ಮೊಬೈಲಿನ ಪಾಠ ಹೇಳಿಸಿರಿ. ಯಾವುದನ್ನು ಒತ್ತಿದರೆ ಏನಾಗುವುದೆಂದು ಅಜ್ಜಿಗೆ ಕಲಿಸಿಕೊಟ್ಟ ಮೊಮ್ಮಗಳಿಗೆ, ಒಂದು ದಿನ ಅಂಜಿಕೆಯಾದಾಗ ಅದೇ ಅಜ್ಜಿಯ ಬಳಿಗೆ ಬರುವುದು ಸುಲಭವಾಗುವುದು.

ಮತ್ತು ಗುಳೆ ಹೋಗಿರುವ ತಂದೆತಾಯಿಗಳಲ್ಲಿ, ಈ ಮುದ್ರಿತ ಪ್ರತಿ ಅವರ ಕೈಸೇರಿದರೆ, ಕೇಳಿಕೊಳ್ಳುವುದಿಷ್ಟೆ: ಇಂದು ಸಂಜೆ ಮನೆಗೆ ಫೋನು ಮಾಡಿದಾಗ, ಉಂಡೆಯಾ ಎಂದು ಕೇಳಿದ ಮೇಲೆ, ಮಗುವಿಗೆ ಇನ್ನೊಂದು ಮಾತು ಹೇಳಿರಿ. “ಏನರ ಆಗಲಿ, ಎಷ್ಟರ ದೊಡ್ಡ ತಪ್ಪು ಆಗಿರಲಿ, ಮೊದಲ ನನಗ ಹೇಳು. ನಾ ಬೈಯಂಗಿಲ್ಲ, ಸಾಲಿ ಬಿಡಸಂಗಿಲ್ಲ.” ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿರಿ.